ಶೀರ್ಷಿಕೆ ಬದಲಾದ ಒಂದು ಹೊತ್ತಗೆ

ಗ್ರಂಥದ ಪ್ರಸಾರವನ್ನು ಅದರ ಶೀರ್ಷಿಕೆಯು ಎಷ್ಟರಮಟ್ಟಿಗೆ ನಿರ್ಧರಿಸಬಲ್ಲದೆಂಬುದಕ್ಕೆ, ಅಮೆರಿಕೆಯ ಕ್ಯಾನ್ಸಾಸ್ ಸಂಸ್ಥಾನದ ಗಿರಾರ್ಡ್ ಪಟ್ಟಣದ ಪ್ರಕಾಶಕನಾದ ಹಾಲ್ಡೆಮನ್-ಜೂಲಿಯಸನು 1928ರಲ್ಲಿ ತಾನೇ ಪ್ರಕಟಿಸಿದ ಲೆಕ್ಕಗಳು ಸಾಕ್ಷಿಯಾಗಿವೆ. ಐದು ಸೆಂಟುಗಳಿಗೆ ಒಂದರಂತೆ ಅವನು ಮಾರುತ್ತಿದ್ದ ಕಿರುಹೊತ್ತಗೆಗಳಿಗೆ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದ ಹೆಸರುಗಳ ಪಟ್ಟಿಯೇ ಜಾಹೀರಾತು. ಕೊಳ್ಳುವವರಿಗೆ ಶೀರ್ಷಿಕೆಯ ಹೊರತು ಬೇರೆ ಆಧಾರವು ಹೆಚ್ಚಾಗಿ ಇರಲಿಲ್ಲ. ಫ್ರೆಂಚ್ ಲೇಖಕ ಗೋತಿಯೆಯ ‘ಚಿನ್ನದ ಉಣ್ಣೆ’ ಎಂಬ ಕಥೆಯು 1925ರಲ್ಲಿ 6,000 ಪ್ರತಿಗಳಷ್ಟೇ ಮಾರಾಟವಾಯಿತು. ‘ಹೊಂಗೂದಲ ಪ್ರೇಯಸಿಯ ಅನ್ವೇಷಣೆ’ ಎಂದು ಹೆಸರನ್ನು ಬದಲಿಸಲಾಗಿ, 1926ರಲ್ಲಿ ಆ ಸಂಖ್ಯೆಯು 50,000ಕ್ಕೇರಿತು.

ಇದು ವಂಚನೆಯೆ? ನಾವು ಹಾಗೆನ್ನಲಾರೆವು. ರೂಬೆನ್ಸನ ಚಿತ್ರಗಳಿಗೆ ಮರುಳಾದ ಕಥಾನಾಯಕನು ಹೊಂಗೂದಲ ಹೆಣ್ಣನ್ನು ಅರಸಿಕೊಂಡು ಆಂಟ್ವರ್ಪಿಗೆ ಹೋಗುವುದು ನಿಜವೇ. ಆದರೆ ಅಲ್ಲಿ ಅವನು ಮೊದಲು ಮನಸೋಲುವುದು ಇಗರ್ಜಿಯ ವರ್ಣಚಿತ್ರವೊಂದರಲ್ಲಿರುವ ಮಗ್ದಲದ ಮರಿಯಳಿಗೆ! ಹೊಸ ಶೀರ್ಷಿಕೆಯು ಇದನ್ನು ಮುಚ್ಚಿಡುತ್ತದೆ, ಹಳೆಯದಾದರೂ ತಿಳಿಸುತ್ತಿರಲಿಲ್ಲವೆನ್ನಿ.