ಎದೆಹಾಲು ಕುಡಿಯುವ ಶಿಶುವಿನ ನಿಧಾನ ತೂಕವೃದ್ಧಿ

ಎದೆಹಾಲನ್ನೇ ಕುಡಿಯುವ ಶಿಶುವಿನ ತೂಕ ವಯಸ್ಸಿಗೆ ತಕ್ಕ ವೇಗದಲ್ಲಿ ಏರದಿರುವ ಸ್ಥಿತಿ. ಇದು ರೋಗವಲ್ಲ, ಸೂಚನೆ. ಚುರುಕಾಗಿದ್ದು ತನ್ನದೇ ಗತಿಯಲ್ಲಿ ಬೆಳೆಯುವ ಮಗು ಯಾವುದು, ಹಾಲು ಸಾಲದೆ ಸೊರಗುತ್ತಿರುವ ಮಗು ಯಾವುದು ಎಂದು ಗುರುತಿಸುವುದು ಇಲ್ಲಿ ಮುಖ್ಯ.

ಸಹಜ ಏರಿಕೆ: ಹುಟ್ಟಿದ ಮೊದಲ ದಿನಗಳಲ್ಲಿ ಶಿಶು ಜನನತೂಕದ ಶೇ. 7–10ರಷ್ಟು ಇಳಿಯಬಹುದು, ಸಾಮಾನ್ಯವಾಗಿ ಎರಡು ವಾರದೊಳಗೆ ಅದು ಮರಳುತ್ತದೆ. ಅನಂತರ ಮೂರು ತಿಂಗಳವರೆಗೆ ದಿನಕ್ಕೆ ಸುಮಾರು 20–30 ಗ್ರಾಂ, ಆರು ತಿಂಗಳವರೆಗೆ 15–20 ಗ್ರಾಂ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆ ನಕ್ಷೆಗೆ ಆಧಾರ, ಭಾರತವೂ ಸೇರಿ ಆರು ದೇಶಗಳ ಎದೆಹಾಲುಂಡ ಮಕ್ಕಳು. ಬಾಟಲಿ ಹಾಲಿನ ಮಕ್ಕಳೇ ಹೆಚ್ಚಾಗಿದ್ದ ಹಳೆಯ ಅಮೆರಿಕನ್ ನಕ್ಷೆಗಳಲ್ಲಿ ಮೂರ್ನಾಲ್ಕು ತಿಂಗಳ ನಂತರ ಎದೆಹಾಲಿನ ಮಕ್ಕಳು ಹಿಂದೆ ಬಿದ್ದಂತೆ ಕಾಣುತ್ತಿದ್ದರು. ಒಂದು ದಿನದ ತೂಕಕ್ಕಿಂತ, ಒಂದೇ ತಕ್ಕಡಿಯಲ್ಲಿ ಹಲವು ಬಾರಿ ತೂಗಿ ಎಳೆದ ಗೆರೆ ಹೆಚ್ಚು ಹೇಳುತ್ತದೆ. ಕರ್ನಾಟಕದಲ್ಲಿ ಅಂಗನವಾಡಿಯಲ್ಲಿ ಇಂಥ ನಕ್ಷೆ ಇಡಲಾಗುತ್ತದೆ. ಆಶಾ ಕಾರ್ಯಕರ್ತೆಯರು ಮೊದಲ 42 ದಿನಗಳಲ್ಲಿ ಮನೆಗೇ ಬಂದು ಶಿಶುವನ್ನು ತೂಗುತ್ತಾರೆ.

ಕಾರಣಗಳು: ಮೊಲೆತೊಟ್ಟನ್ನಷ್ಟೇ ಕಚ್ಚುವುದು, ಗಡಿಯಾರ ನೋಡಿ ಕುಡಿಸುವುದು, ರಾತ್ರಿ ಹಾಲು ತಪ್ಪಿಸುವುದು ಸಾಮಾನ್ಯ ಕಾರಣಗಳು. ನೀರು, ಸಕ್ಕರೆನೀರು, ಗ್ರೈಪ್‌ವಾಟರ್ ಪುಟ್ಟ ಹೊಟ್ಟೆಯನ್ನು ತುಂಬಿಸಿ ಹಾಲಿನ ಹಸಿವನ್ನು ಕೊಲ್ಲುತ್ತವೆ. ನಾಲಿಗೆ ಕೆಳಗಿನ ಬಿಗಿತ, ಅಂಗುಳ ಸೀಳು, ಹೃದಯದೋಷ, ಮೂತ್ರದ ಸೋಂಕು ಶಿಶುವಿನ ಕಡೆಯವು. ಥೈರಾಯ್ಡ್ ಕೊರತೆ, ಹೆರಿಗೆಯ ಅತಿರಕ್ತಸ್ರಾವ, ಗರ್ಭದಲ್ಲಿ ಉಳಿದ ಮಾಸಿನ ಚೂರು ತಾಯಿಯ ಕಡೆಯವು.

ನಿರ್ವಹಣೆ: ಎದೆ ಬರಿದಾದಷ್ಟೂ ಹಾಲು ಊರುತ್ತದೆ, ಆದ್ದರಿಂದ ಚಿಕಿತ್ಸೆಯ ಮೊದಲ ಭಾಗ ಕುಡಿಸುವ ಕ್ರಮವೇ. ದಿನರಾತ್ರಿ ಸೇರಿ 8–12 ಬಾರಿ ಕುಡಿಸಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಬಹುಪಾಲು ಮಗುವಿನ ಬಾಯೊಳಗಿರಬೇಕು. ಒಂದು ಬದಿ ಮೆತ್ತಗಾದ ಮೇಲೆ ಇನ್ನೊಂದಕ್ಕೆ ಹಾಕಬೇಕು. ನಿದ್ದೆಗೆ ಜಾರುವ ಮಗುವಿಗೆ ಎದೆಯನ್ನು ಮೆಲ್ಲಗೆ ಒತ್ತಿ ಹಾಲು ಹರಿಸಬಹುದು. ಸಾಲದಿದ್ದರೆ ಹಿಂಡಿದ ಎದೆಹಾಲನ್ನು ಒಳಲೆ ಅಥವಾ ಚಮಚದಲ್ಲಿ ಕುಡಿಸಬಹುದು. ಅದಕ್ಕೂ ಮೀರಿದ ಕೊರತೆಗೆ ವೈದ್ಯರ ಸಲಹೆಯಂತೆ ಪುಡಿಹಾಲು ಸೇರಿಸುವುದು ತಾಯಿಯ ಸೋಲಲ್ಲ. ಸಬ್ಬಸಿಗೆ, ಬೆಳ್ಳುಳ್ಳಿ, ಮೆಂತ್ಯ ಹಾಲು ಹೆಚ್ಚಿಸುತ್ತವೆಂಬ ನಂಬಿಕೆಗೆ ಪುರಾವೆ ದುರ್ಬಲ. ಆದರೆ ಬಾಣಂತಿಗೆ ನೀರು, ಊಟ ಕಡಿಮೆ ಮಾಡುವ ಪಥ್ಯ ಸಲ್ಲದು.

ಎಚ್ಚರಿಕೆಯ ಗುರುತುಗಳು: ಮೊದಲ ವಾರದ ನಂತರ ದಿನಕ್ಕೆ ಆರಕ್ಕಿಂತ ಕಡಿಮೆ ಬಾರಿ ಮೂತ್ರ, ಎರಡು ವಾರ ಕಳೆದರೂ ಮರಳದ ಜನನತೂಕ, ಇಳಿಯುತ್ತಲೇ ಇರುವ ಗೆರೆ ಕಂಡರೆ ಬೇಗನೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಎಬ್ಬಿಸಿದರೂ ಹಾಲಿಗೆ ಏಳದ ಮಂಕು, ಜ್ವರ, ಹೆಚ್ಚುವ ಕಾಮಾಲೆ, ಕುಡಿಯುವಾಗ ಏದುಸಿರು ಕಂಡರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.