ಮ್ಯಾಂಚೆಸ್ಟರಿನ 'ಜಲ ಅರಮನೆ'

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಎಂದೊಡನೆ ನೆನಪಾಗುವುದು ಹತ್ತಿಬಟ್ಟೆಯ ಗಿರಣಿಗಳು. ಅಲ್ಲಿ ದುಡಿಯುತ್ತಿದ್ದವರ ಮನೆಗಳಲ್ಲಿ ಬಚ್ಚಲುಮನೆ ಇರುತ್ತಿದ್ದುದು ಅಪರೂಪ. ಜನರಿಗೆ ಸ್ನಾನದ ಸೌಕರ್ಯ ಒದಗಿಸಲು ನಗರಾಡಳಿತಗಳಿಗೆ ಅಧಿಕಾರ ನೀಡುವ ಕಾಯಿದೆಯೊಂದನ್ನು ಬ್ರಿಟಿಷ್ ಪಾರ್ಲಿಮೆಂಟು 1846ರಲ್ಲಿ ಮಾಡಿತು. ವಿಕ್ಟೋರಿಯಾ ಬಾತ್ಸ್ ಈ ಪರಂಪರೆಗೆ ಸೇರಿದ್ದು. ಸುಮಾರು 59,000 ಪೌಂಡ್ ವೆಚ್ಚದಲ್ಲಿ ಕಟ್ಟಿ, 1906ರಲ್ಲಿ ತೆರೆದ ಈ ಸ್ನಾನಗೃಹದಲ್ಲಿ ಮೂರು ಈಜುಕೊಳಗಳಿದ್ದವು. ಬಣ್ಣದ ಗಾಜು, ಹೊಳೆಯುವ ಟೈಲ್ಸ್‌ಗಳಿಂದ ಕೂಡಿದ್ದ ಇದನ್ನು ನಗರದ ಮೇಯರ್ 'ಜಲ ಅರಮನೆ' ಎಂದು ಕರೆದರು.

ಅರಮನೆಗೆ ಬಾಗಿಲುಗಳು ಮೂರು: ಪ್ರಥಮ ದರ್ಜೆಯ ಪುರುಷರಿಗೆ, ದ್ವಿತೀಯ ದರ್ಜೆಯ ಪುರುಷರಿಗೆ, ಮಹಿಳೆಯರಿಗೆ. ಬಾಗಿಲಿನಂತೆ ನೀರಿಗೂ ದರ್ಜೆಯಿತ್ತು. ಬಾವಿಯ ಹೊಸ ನೀರು ಮೊದಲು ಪ್ರಥಮ ದರ್ಜೆಯ ಕೊಳಕ್ಕೆ, ಅಲ್ಲಿ ಬಳಸಿದ್ದು ದ್ವಿತೀಯ ದರ್ಜೆಗೆ, ಕೊನೆಗೆ ಮಹಿಳೆಯರ ಕೊಳಕ್ಕೆ. ಸ್ತ್ರೀಪುರುಷರು ಒಟ್ಟಿಗೆ ಈಜಲು ಅವಕಾಶವಾದದ್ದು 1914ರಲ್ಲಿ. ಇಲ್ಲಿಯೇ ಅಭ್ಯಾಸ ಮಾಡಿದ ಸನ್ನಿ ಲೌರಿ ಎಂಬ ಯುವತಿ 1933ರಲ್ಲಿ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದರು.

ಈಜುಕೊಳದ ಕಟ್ಟಡ ಬೇಗ ಮುಪ್ಪಾಗುತ್ತದೆ. ಬೆಚ್ಚನೆಯ ತೇವದ ಗಾಳಿ ತಣ್ಣನೆಯ ಗೋಡೆ, ಚಾವಣಿಗಳಿಗೆ ತಗುಲಿ ಹನಿಗಟ್ಟುತ್ತದೆ. ನೀರಿಗೆ ಬೆರೆಸಿದ ಕ್ಲೋರಿನ್ ಕಬ್ಬಿಣವನ್ನು ತಿನ್ನುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಗೋಡೆಯೊಳಗಿನ ತೊಲೆ ಉಬ್ಬಿ ಇಟ್ಟಿಗೆ ಬಿರುಕು ಬಿಡುತ್ತದೆ. ಹೀಗೆ ದುರಸ್ತಿಯ ಖರ್ಚು ಬೆಳೆಯುತ್ತಲೇ ಹೋಗುತ್ತದೆ. ಖರ್ಚು ಭರಿಸಲಾಗದೆ ನಗರಸಭೆ 1993ರಲ್ಲಿ ವಿಕ್ಟೋರಿಯಾ ಬಾತ್ಸನ್ನು ಮುಚ್ಚಿತು. ಸ್ಥಳೀಯರು ಪ್ರತಿಭಟಿಸಿದರು. ಅದೇ ವರ್ಷ ಕಟ್ಟಡವನ್ನು ಉಳಿಸಲು ಟ್ರಸ್ಟ್ ರಚಿಸಿಕೊಂಡರು.

2002ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ 50 ಮೀಟರ್ ಉದ್ದದ ಎರಡು ಕೊಳಗಳಿರುವ ಹೊಸ ಈಜು ಕೇಂದ್ರ ನಗರದಲ್ಲಿ ತೆರೆದದ್ದು 2000ದಲ್ಲಿ. ನಡುವೆ ಏಳು ವರ್ಷ! ಹಳೆಯದು ಮುಚ್ಚಿದಾಗ ಏಳು ವರ್ಷದವನಾಗಿದ್ದ ಬಾಲಕ ಹೊಸದು ತೆರೆಯುವಾಗ ಹದಿನಾಲ್ಕರ ಹುಡುಗ. ನಗರದಲ್ಲಿ ಬೇರೆ ಕೊಳಗಳಿದ್ದವು, ನಿಜ. ಆದರೆ ಮನೆಯ ಹತ್ತಿರದ ಕೊಳಕ್ಕೆ ಬೀಗ ಬಿದ್ದರೆ ಎಷ್ಟು ಮಕ್ಕಳು ದೂರದ ಕೊಳಕ್ಕೆ ಹೋಗಿಯಾರು?

ಕಟ್ಟಡಕ್ಕೆ ಮರುಜೀವ ಬರಲು ದೂರದರ್ಶನವೂ ನೆರವಾಯಿತು. 2003ರಲ್ಲಿ ಬಿಬಿಸಿಯ 'ರೆಸ್ಟೊರೇಷನ್' ಸರಣಿಯಲ್ಲಿ ಪ್ರೇಕ್ಷಕರ ಮತಗಳಿಂದ ವಿಕ್ಟೋರಿಯಾ ಬಾತ್ಸ್ ಗೆದ್ದಿತು. ಜೀರ್ಣೋದ್ಧಾರಕ್ಕೆ ಹಣ ದೊರೆಯಿತು. ಕಟ್ಟಡ ಉಳಿಯಿತು. ಆದರೆ ದಿನನಿತ್ಯದ ಈಜು ಹಿಂದಿರುಗಲು ಅಷ್ಟು ಸಾಲಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಸಾರ್ವಜನಿಕ ಸೌಕರ್ಯವೊಂದನ್ನು ಹೊಸದಾಗಿ ಕಟ್ಟಲು ಹಳೆಯದನ್ನು ಮುಚ್ಚುವುದು ಅನಿವಾರ್ಯವಾಗಬಹುದು. ಆಗ ಹೊಸ ಕಟ್ಟಡದ ನಕ್ಷೆಯ ಜೊತೆಗೆ ದಿನಾಂಕವನ್ನೂ ಕೇಳಿರಿ. ಅದರ ಬಾಗಿಲು ಯಾರಿಗೆ ತೆರೆದಿರುತ್ತದೆ ಎಂಬುದನ್ನೂ ಕೇಳಿರಿ.