ಬಾವಿಯ ಆಯಿಲ್ ಇಂಜಿನ್: ವೇಗ ಮತ್ತು ಟೈಮಿಂಗ್ ಹೊಂದಾಣಿಕೆ

ತುರುವನೂರಿನಂಥ ಬಯಲುಸೀಮೆಯ ಊರುಗಳಲ್ಲಿ, ವಿದ್ಯುತ್ ಪಂಪ್‌ಸೆಟ್ಟುಗಳು ಹರಡುವ ಮುನ್ನ, ತೆರೆದ ಬಾವಿಯಿಂದ ನೀರೆತ್ತುವ ಕೆಲಸವನ್ನು ಎತ್ತುಗಳು ಎಳೆಯುವ ಕಪಿಲೆಯಿಂದ ವಹಿಸಿಕೊಂಡದ್ದು ಆಯಿಲ್ ಇಂಜಿನ್. ಅದರ ಹೆಸರಾಂತ ಲಿಸ್ಟರ್ ಮಾದರಿ ನಿಮಿಷಕ್ಕೆ 650 ಸುತ್ತು ಮಾತ್ರ ತಿರುಗುತ್ತದೆ. ಪೆಟ್ರೋಲ್ ಇಂಜಿನ್ನಿನಂತೆ ಗಾಳಿಯನ್ನು ತಡೆಯುವ ಥ್ರಾಟಲ್ ಇದಕ್ಕಿಲ್ಲ. ಬದಲಿಗೆ, ವೇಗ ಹೆಚ್ಚಿದಾಗ ಅದನ್ನು ಹಿಡಿತದಲ್ಲಿಡುವ ಗವರ್ನರಿನ ತೂಕಗಳು ಹೊರಕ್ಕೆ ಸರಿದು, ಸನ್ನೆ ಮತ್ತು ಕಡ್ಡಿಯ ಮೂಲಕ ಇಂಧನ ಪಂಪಿನ ರ‍್ಯಾಕ್ ಎಂಬ ಹಲ್ಲುಪಟ್ಟಿಯನ್ನು ಸರಿಸಿ ಡೀಸೆಲನ್ನು ಕಡಿಮೆ ಮಾಡುತ್ತವೆ. ಕಡ್ಡಿಯ ಕೀಲು ಸವೆದಿದ್ದರೆ ಇಂಜಿನ್ ಒಂದೇ ಸಮನೆ ಓಡದೆ ಏರಿಳಿಯುವುದರಿಂದ, ಗವರ್ನರಿನ ಸ್ಪ್ರಿಂಗ್ ಬಿಗಿಯುವ ಮೊದಲು ಕೀಲನ್ನೇ ಪರೀಕ್ಷಿಸುವುದು ಜಾಣತನ. ಟೈಮಿಂಗ್ ಎಂದರೆ ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ ಸುಮಾರು 20 ಡಿಗ್ರಿ ಮೊದಲೇ ಡೀಸೆಲ್ ಚಿಮ್ಮುವಂತೆ ಇಂಧನ ಪಂಪಿನ ಟ್ಯಾಪೆಟ್ ಬೋಲ್ಟಿನ ಎತ್ತರವನ್ನು ಹೊಂದಿಸುವುದು. ಬೋಲ್ಟನ್ನು ಅತಿಯಾಗಿ ಎತ್ತಿದರೆ ಬಡಿತದ ಸದ್ದು ಹುಟ್ಟುತ್ತದೆ, ತಗ್ಗಿಸಿದರೆ ಹೊಗೆ ಹೆಚ್ಚಿ ಬಲ ಕುಂದುತ್ತದೆ.